ಮಸೂರದ ಗಾಜಿನ ಕೆಲಸ ಕಲಿತವರ ಕಥೆ



ಹೋದ ತಿಂಗಳು ಪ್ರಯೋಗಶಾಲೆಯ ಬೀರು ಚೊಕ್ಕಟ ಮಾಡುವ ಸರದಿ ನಮ್ಮ ಹತ್ತನೇ ತರಗತಿಗೆ ಬಂದಿತ್ತು. ಬೀರುವಿನ ಮೇಲಿನ ಅರೆಯಲ್ಲಿ ಹಳೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಪೀನ ಮಸೂರ ಮತ್ತು ಒಂದು ಗಾಜಿನ ಪಟ್ಟಕ ಸಿಕ್ಕವು. ಪಟ್ಟಕವನ್ನು ಒರೆಸಿ ಕಿಟಕಿಗೆ ಹಿಡಿದು ನೋಡಿದೆ. ಒಳಗೆ ಸಾಸಿವೆಗಿಂತ ಚಿಕ್ಕದಾದ ಒಂದು ಗುಳ್ಳೆ! "ಸಾರ್, ಇದರೊಳಗೆ ಗಾಳಿ ಹೆಂಗೆ ಹೋಯ್ತು?" ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, "ಒಳಗೆ ಹೋದದ್ದಲ್ಲಮ್ಮ, ಹೊರಗೆ ಬರದೆ ಉಳಿದದ್ದು. ಅದನ್ನ ಹೊರಗೆ ಕಳಿಸೋ ಕೆಲಸ ಕಲಿಯೋದಕ್ಕೇ ಜನ ಆಯುಸ್ಸು ಕಳೆದಿದ್ದಾರೆ. ಓದಿಕೊಂಡು ಗೋಡೆ ಪತ್ರಿಕೆಗೆ ನೀನೇ ಬರಿ" ಎಂದು ಹೇಳಿ ಎರಡು ಪುಸ್ತಕ ಕೊಟ್ಟರು. ಅದಕ್ಕೇ ಈ ಲೇಖನ.

ಇದನ್ನು ಓದಲು ನನಗೆ ಇನ್ನೊಂದು ಕಾರಣವೂ ಇತ್ತು. ಅದೇ ವಾರ ನಮ್ಮಣ್ಣ ಹಬ್ಬಕ್ಕೆ ಊರಿಗೆ ಬಂದಿದ್ದ. ಅವನು ಎಸ್ಸೆಸ್ಸೆಲ್ಸಿ ಆದ ಮೇಲೆ ಪೇಟೆಯಲ್ಲಿ ಒಂದು ಲೇತ್ ಅಂಗಡಿಗೆ ಕೆಲಸ ಕಲಿಯಲು ಸೇರಿ ಎರಡು ವರ್ಷವಾಯಿತು. ಊಟ ಮಾಡುತ್ತಾ ಅಪ್ಪ, "ಈಗ ಒಬ್ಬನೇ ಮಿಷನ್ ಓಡಿಸ್ತೀಯೇನ್ಲಾ?" ಎಂದು ಕೇಳಿದರು. ಅಣ್ಣ ತಲೆ ಎತ್ತದೆ, "ಟೀ ತತ್ತೀನಿ, ಕಬ್ಬಿಣದ ಚೂರು ಗುಡಿಸ್ತೀನಿ, ಗಿರಾಕಿ ಮನೆಗೆ ಸಾಮಾನು ಕೊಟ್ಟು ಬತ್ತೀನಿ. ಅಳತೆ ಕಟ್ಟೋವಾಗ ಯಜಮಾನ್ರು ನಂಗೆ ಬೆನ್ನು ಮಾಡ್ಕೊಂಡು ನಿಂತ್ಕತಾರೆ" ಅಂದ. "ಕೆಲ್ಸ ಅಂದ್ರೆ ಹಂಗೇ ಕಣ್ಲಾ, ನೋಡ್ತಾ ನೋಡ್ತಾ ಬತ್ತದೆ" ಎಂದು ಅಪ್ಪ ಹೇಳಿದರು. "ಬೆನ್ನು ನೋಡ್ತಾ ಏನ್ ಬತ್ತದೆ?" ಎಂದು ಅವ್ವ ಒಳಗಿನಿಂದಲೇ ಕೇಳಿದಳು. ಆಮೇಲೆ ಯಾರೂ ಮಾತಾಡಲಿಲ್ಲ. ಆ ರಾತ್ರಿ ನಾನು ಪುಸ್ತಕ ಬಿಡಿಸಿದರೆ ಅಲ್ಲಿಯೂ ಇದೇ ಕಥೆ, ಇನ್ನೂರು ವರ್ಷ ಹಿಂದಿನದು.

ಮೊದಲು ಗಾಜಿನ ವಿಷಯ ಹೇಳುತ್ತೇನೆ. ಕಿಟಕಿಯ ಗಾಜೂ ಮರಳಿನಿಂದಲೇ ಆಗುತ್ತದೆ, ಮಸೂರದ ಗಾಜೂ ಮರಳಿನಿಂದಲೇ ಆಗುತ್ತದೆ. ಮರಳಿನ ಜೊತೆ ಸೋಡಾ ಅಥವಾ ಪೊಟ್ಯಾಷ್, ಸುಣ್ಣ ಮುಂತಾದವನ್ನು ಬೆರೆಸಿ ಕುಲುಮೆಯಲ್ಲಿ ಕರಗಿಸುತ್ತಾರೆ. ಹಾಗಾದರೆ ವ್ಯತ್ಯಾಸವೇನು? ಕಿಟಕಿಯ ಗಾಜಿನಲ್ಲಿ ಆಚೆಯ ಬೇವಿನ ಮರ ಸ್ವಲ್ಪ ಸೊಟ್ಟಗೆ ಕಂಡರೆ ಯಾರೂ ಜಗಳಕ್ಕೆ ಬರುವುದಿಲ್ಲ. ಮಸೂರದ ಗಾಜು ಹಾಗಲ್ಲ. ಅದರ ಒಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬುದು, ಅಂದರೆ ನಾವು ಪಾಠದಲ್ಲಿ ಓದುವ ವಕ್ರೀಭವನ ಸೂಚ್ಯಂಕ, ಈ ಮೂಲೆಯಿಂದ ಆ ಮೂಲೆಯವರೆಗೆ ದಶಮಾಂಶದ ಐದನೇ ಸ್ಥಾನದ ತನಕ ಒಂದೇ ಇರಬೇಕು. ಇದಕ್ಕೆ ಅಡ್ಡಿ ಬರುವ ದೋಷಗಳಲ್ಲಿ ಮುಖ್ಯವಾದವು ಮೂರು. ಗುಳ್ಳೆ ಒಂದು, ಅದನ್ನು ನಾವು ಕಣ್ಣಾರೆ ಕಂಡೆವು. ನಿಜ ಹೇಳಬೇಕೆಂದರೆ ಮೂರರಲ್ಲಿ ಅದೇ ಸಾಧು.

ಎರಡನೆಯದು ಎಳೆ. ಗಾಜಿನ ಒಂದು ಭಾಗ ತುಸು ಮಂದ, ಪಕ್ಕದ ಭಾಗ ತುಸು ತೆಳು ಆದರೆ ನಡುವೆ ನೂಲಿನಂಥ ಎಳೆಗಳು ನಿಲ್ಲುತ್ತವೆ. ಬೆಳಕು ಅಲ್ಲಿ ದಾರಿ ತಪ್ಪುತ್ತದೆ. ಇದನ್ನು ನೀವೇ ಮಾಡಿ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ ಬಿಸಿಲಿಗೆ ಇಡಿ, ಹಿಂದೆ ಬಿಳಿ ಹಾಳೆ ಹಿಡಿಯಿರಿ. ಈಗ ಒಂದು ಚಮಚ ಸಕ್ಕರೆ ಪಾಕವನ್ನು ಮೆಲ್ಲಗೆ ನೀರಿಗೆ ಬಿಡಿ. ಹಾಳೆಯ ಮೇಲೆ ಹೊಗೆಯಂಥ ನೆರಳು ಬಳುಕುತ್ತದೆ. ನೀರಿಗೂ ಬಣ್ಣವಿಲ್ಲ, ಪಾಕಕ್ಕೂ ಬಣ್ಣವಿಲ್ಲ, ಆದರೂ ನೆರಳು ಬಿತ್ತಲ್ಲ! ಅದೇ ಎಳೆ. ಚೆನ್ನಾಗಿ ಕಲಕಿದರೆ ಮಾಯವಾಗುತ್ತದೆ. ಲೋಟದಲ್ಲಿ ಕಲಕುವುದು ಸುಲಭ. ಜೇನಿಗಿಂತ ಮಂದವಾಗಿ, ಕೆಂಡಕ್ಕಿಂತ ಬಿಸಿಯಾಗಿ ಇರುವುದನ್ನು ಯಾವ ಕೋಲಿನಿಂದ ಕಲಕುವುದು?

ಮೂರನೆಯದು ಒಳಗಿನ ಬಿಗಿತ. ಚಳಿಗಾಲದಲ್ಲಿ ಗಾಜಿನ ಲೋಟಕ್ಕೆ ಕುದಿಯುವ ಟೀ ಸುರಿದರೆ ಚಟ್ಟೆಂದು ಸೀಳುತ್ತದೆ. ಒಂದು ಕಡೆ ಹಿಗ್ಗಿತು, ಇನ್ನೊಂದು ಕಡೆ ಹಿಗ್ಗಲಿಲ್ಲ, ಅದಕ್ಕೆ. ಕರಗಿದ ಗಾಜನ್ನು ಬೇಗ ಆರಿಸಿದರೂ ಹಾಗೆಯೇ. ಹೊರಗಿನ ಪದರ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಲು ಹೋಗಿ ಎಳೆದಾಡುತ್ತದೆ. ಒಡೆಯದಿದ್ದರೂ ಆ ಬಿಗಿತ ಗಾಜಿನಲ್ಲಿ ಕೂತು ಬೆಳಕನ್ನು ಕೆಡಿಸುತ್ತದೆ. ಆದ್ದರಿಂದ ದಿನಗಟ್ಟಲೆ, ದೊಡ್ಡ ಬಿಲ್ಲೆಯಾದರೆ ತಿಂಗಳುಗಟ್ಟಲೆ, ಬಹಳ ನಿಧಾನವಾಗಿ ಕಾವು ಇಳಿಸಬೇಕು.

ಈಗ ಸ್ವಿಟ್ಜರ್ಲೆಂಡ್ ದೇಶಕ್ಕೆ ಹೋಗೋಣ. ಅಲ್ಲಿ ಲೆ ಬ್ರೆನೆ ಎಂಬ ಬೆಟ್ಟದ ಊರಿನಲ್ಲಿ ಪಿಯರ್ ಲೂಯಿ ಗಿನಾನ್ ಎಂಬ ಬಡಗಿ ಇದ್ದ. ಹುಟ್ಟಿದ್ದು 1748ರಲ್ಲಿ. ಗಡಿಯಾರಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುವುದು ಅವನ ಕಸುಬು. ಒಬ್ಬ ಗಡಿಯಾರದ ಸಾಹುಕಾರರ ಮನೆಯಲ್ಲಿ ಅವನು ಇಂಗ್ಲೆಂಡಿನ ಒಂದು ದೂರದರ್ಶಕ ನೋಡಿದ. ಅದರ ಮುಂದಿನ ಮಸೂರ ಒಂದೇ ಗಾಜಿನದಲ್ಲ, ಎರಡರ ಜೋಡಿ. ಒಂದೇ ಮಸೂರದಲ್ಲಿ ನೋಡಿದರೆ ಚಂದ್ರನ ಅಂಚಿಗೆ ಕೆಂಪು ನೀಲಿ ಬಣ್ಣದ ಗೆರೆ ಬರುತ್ತದೆ, ಏಕೆಂದರೆ ಮಸೂರವೂ ಪಟ್ಟಕದ ಹಾಗೆ ಬಣ್ಣಗಳನ್ನು ಬೇರೆ ಮಾಡುತ್ತದೆ. ಕ್ರೌನ್ ಎಂಬ ಹಗುರ ಗಾಜಿನ ಮಸೂರಕ್ಕೆ ಸೀಸ ಬೆರೆಸಿದ ಫ್ಲಿಂಟ್ ಎಂಬ ಭಾರದ ಗಾಜಿನ ಮಸೂರ ಜೋಡಿಸಿದರೆ ಒಂದು ಮಾಡಿದ ಬಣ್ಣವನ್ನು ಇನ್ನೊಂದು ಮುಚ್ಚಿಬಿಡುತ್ತದೆ. ಲಂಡನ್ನಿನ ಡಾಲಂಡ್ ಎಂಬಾತ 1758ರಿಂದ ಇಂಥವನ್ನು ಮಾರುತ್ತಿದ್ದ. ಕಷ್ಟ ಇದ್ದದ್ದು ಫ್ಲಿಂಟ್ ಗಾಜಿನಲ್ಲಿ. ಸೀಸ ಭಾರ, ಆದ್ದರಿಂದ ಮೂಸೆಯ ತಳಕ್ಕೆ ಇಳಿಯುತ್ತದೆ. ಗಾಜಿನ ತುಂಬ ಎಳೆಗಳೇ. ಅಂಗೈಯಗಲದ ಒಳ್ಳೆಯ ತುಂಡು ಸಿಗುವುದೂ ಅಪರೂಪವಾಗಿತ್ತು.

ಗಿನಾನ್ ದೂರದರ್ಶಕವನ್ನು ಬಿಚ್ಚಿ ನೋಡಿ, ತಾನೂ ಒಂದು ಮಾಡಿದ. ಆದರೆ ಕೊಂಡು ತಂದ ಗಾಜು ಸರಿಯಿರಲಿಲ್ಲ. ಸರಿ, ಗಾಜನ್ನೂ ತಾನೇ ಮಾಡುತ್ತೇನೆ ಎಂದು ಕೂತ! ಅವನು ಕಾಲೇಜು ಓದಿದವನಲ್ಲ. 1780ರ ದಶಕದಲ್ಲಿ ಶುರು ಮಾಡಿ ವರ್ಷಗಟ್ಟಲೆ ಕುಲುಮೆ ಕಟ್ಟುವುದು, ಅದು ಒಡೆಯುವುದು, ಮತ್ತೆ ಕಟ್ಟುವುದು. ಖರ್ಚಿಗೆ ಹಣ ಬೇಕೆಂದು ಗಡಿಯಾರದ ಗಂಟೆಗಳನ್ನು ಎರಕ ಹೊಯ್ಯುವ ಕೆಲಸ ಹಿಡಿದ. ದುಡಿದದ್ದೆಲ್ಲ ಕುಲುಮೆಗೆ. ಅವನ ಮನೆಯವರು ಏನೆಂದಿರಬಹುದು ಎಂದು ಯೋಚಿಸಿದರೆ ನನಗೆ ನಗುವೂ ಬರುತ್ತದೆ, ಪಾಪವೂ ಎನ್ನಿಸುತ್ತದೆ.

ಕೊನೆಗೆ ಅವನಿಗೆ ದಾರಿ ಸಿಕ್ಕಿತು. ಕುಲುಮೆಯ ಕಾವು ತಡೆಯುವ ಜೇಡಿಮಣ್ಣಿನಲ್ಲೇ ಒಂದು ಕೋಲು ಮಾಡಿ, ಸುಟ್ಟು, ಅದರಿಂದ ಕರಗಿದ ಗಾಜನ್ನು ಕಲಕುವುದು. ಕಬ್ಬಿಣದ ಕೋಲಾದರೆ ಗಾಜಿಗೆ ಬಣ್ಣ ಬಿಡುತ್ತದೆ, ಮರವಾದರೆ ಉರಿದುಹೋಗುತ್ತದೆ. ಮೂಸೆಯ ಮಣ್ಣಿನದೇ ಕೋಲಾದರೆ ಕಾವೂ ತಡೆಯುತ್ತದೆ, ಗಾಜೂ ಕೆಡುವುದಿಲ್ಲ. ಕಲಕುತ್ತಾ ಕಲಕುತ್ತಾ ಗುಳ್ಳೆ ಮೇಲೆ ಬರುತ್ತವೆ, ಎಳೆ ಕರಗುತ್ತದೆ. ಇದನ್ನು ಓದಿದಾಗ ನನಗೆ ಅವ್ವನ ಮುದ್ದೆ ಕೋಲು ನೆನಪಾಯಿತು. ಗಂಟಾಗದ ಹಾಗೆ ಹಿಟ್ಟು ತಿರುವುವುದು ಅವ್ವನಿಗೆ ಬರುತ್ತದೆ, ನನಗೆ ಇನ್ನೂ ಬಂದಿಲ್ಲ. ಕೋಲು ಒಂದೇ, ಕೈ ಬೇರೆ. ಯಾವಾಗ ಜೋರು, ಯಾವಾಗ ಮೆಲ್ಲಗೆ, ಯಾವಾಗ ಬೆಂಕಿ ಹಿಂದಕ್ಕೆ ಎಂಬುದು ಬರಿ ಕೋಲಿನಿಂದ ತಿಳಿಯುವುದಿಲ್ಲ.

ಇನ್ನು ಹುಡುಗನ ಕಥೆ. ಜರ್ಮನಿಯ ಬವೇರಿಯ ಸೀಮೆಯ ಸ್ಟ್ರೌಬಿಂಗ್ ಎಂಬ ಊರಿನಲ್ಲಿ 1787ರಲ್ಲಿ ಜೋಸೆಫ್ ಫ್ರೌನ್‌ಹೋಫರ್ ಹುಟ್ಟಿದ. ಅಪ್ಪ ಕಿಟಕಿಗೆ ಗಾಜು ಕೂರಿಸುವವನು, ಮನೆಯಲ್ಲಿ ಈತ ಹನ್ನೊಂದನೇ ಮಗು. ಹನ್ನೊಂದು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರೂ ಇಲ್ಲ. ಮೊದಲು ಮರ ಕಡೆಯುವ ಕೆಲಸಕ್ಕೆ ಹಾಕಿದರು, ಮೈಯಲ್ಲಿ ಶಕ್ತಿ ಸಾಲಲಿಲ್ಲ. 1799ರಲ್ಲಿ ಮ್ಯೂನಿಕ್ ನಗರದ ವೈಕ್ಸೆಲ್‌ಬರ್ಗರ್ ಎಂಬ ಕನ್ನಡಿ ಕೆಲಸದ ಯಜಮಾನನ ಹತ್ತಿರ ಬಿಟ್ಟರು. ಆಗಿನ ಪದ್ಧತಿಯಲ್ಲಿ ಕೆಲಸ ಕಲಿಯುವವನೇ ಯಜಮಾನನಿಗೆ ದುಡ್ಡು ಕೊಡಬೇಕಿತ್ತು. ಇವನ ಹತ್ತಿರ ದುಡ್ಡಿಲ್ಲ. ಆದ್ದರಿಂದ ಆರು ವರ್ಷ ಸಂಬಳವಿಲ್ಲದೆ ದುಡಿಯಬೇಕೆಂದು ಕರಾರಾಯಿತು.

ಕೆಲಸದ ಹುಡುಗರಿಗೆಂದು ರಜಾ ದಿನಗಳಲ್ಲಿ ನಡೆಯುವ ಶಾಲೆ ಮ್ಯೂನಿಕ್ಕಿನಲ್ಲಿ ಇತ್ತು. ಯಜಮಾನ ಅಲ್ಲಿಗೂ ಕಳಿಸಲಿಲ್ಲ. ಮನೆಯಲ್ಲಿ ಪುಸ್ತಕ ಓದುವುದೂ ಅವನಿಗೆ ಸರಿಬರುತ್ತಿರಲಿಲ್ಲ. ಗಾಜು ಉಜ್ಜು, ಮನೆಗೆಲಸ ಮಾಡು, ಅಷ್ಟೇ. ಎರಡು ವರ್ಷ ಹೀಗೆ ಕಳೆದವು. ಎರಡು ವರ್ಷ ಎಂದು ಓದಿದಾಗ ನಾನು ಪುಸ್ತಕ ಮಡಿಸಿ ಒಳಗೆ ಮಲಗಿದ್ದ ಅಣ್ಣನ ಕಡೆ ನೋಡಿದೆ.

1801ರ ಜುಲೈ 21ರಂದು ಆ ಮನೆ ಕುಸಿದು ಬಿತ್ತು. ಯಜಮಾನನ ಹೆಂಡತಿ ಸತ್ತಳು. ಹುಡುಗ ಮಣ್ಣು ಮರದ ರಾಶಿಯ ಕೆಳಗೆ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದು ಜೀವಸಹಿತ ಹೊರಗೆ ಬಂದ. ಅಲ್ಲಿಗೆ ಬವೇರಿಯದ ದೊರೆ ಮ್ಯಾಕ್ಸಿಮಿಲಿಯನ್ ಬಂದಿದ್ದ. ಅವನು ಹುಡುಗನಿಗೆ 18 ಚಿನ್ನದ ನಾಣ್ಯ ಕೊಟ್ಟ. ಜೊತೆಯಲ್ಲಿದ್ದ ಉಟ್ಸ್‌ಶ್ನೈಡರ್ ಎಂಬ ಅಧಿಕಾರಿ ಓದಲು ಪುಸ್ತಕಗಳನ್ನು ಕೊಟ್ಟ. ಆ ಹಣವನ್ನು ಹುಡುಗ ಏನು ಮಾಡಿದ ಗೊತ್ತೇ? ಒಂದು ಭಾಗದಿಂದ ಗಾಜು ಉಜ್ಜುವ ಯಂತ್ರ ಕೊಂಡ. ಇನ್ನೊಂದು ಭಾಗವನ್ನು ಯಜಮಾನನಿಗೇ ಕೊಟ್ಟು, ಕರಾರಿನ ಕೊನೆಯ ಆರು ತಿಂಗಳಿಂದ ತನ್ನನ್ನು ತಾನೇ ಬಿಡಿಸಿಕೊಂಡ! ಕಥೆಯಲ್ಲಿ ದೊರೆ ಬಂದು ಕಾಪಾಡಿದ ಎಂದು ಎಲ್ಲರೂ ಹೇಳುತ್ತಾರೆ. ನನಗೇನೋ ಪುಸ್ತಕ ಕೊಟ್ಟವನೇ ದೊಡ್ಡವನು ಎನ್ನಿಸುತ್ತದೆ. ಚಿನ್ನ ಖರ್ಚಾಯಿತು, ಪುಸ್ತಕ ಉಳಿಯಿತು.

ಈ ಉಟ್ಸ್‌ಶ್ನೈಡರ್ ಮುಂದೆ ಅಳತೆಯ ಉಪಕರಣಗಳನ್ನು ಮಾಡುವ ಒಂದು ಸಂಸ್ಥೆಯಲ್ಲಿ ಪಾಲುದಾರನಾದ. ಒಳ್ಳೆಯ ಗಾಜು ಎಲ್ಲಿಂದಲೂ ಸಿಗದೆ, ಬೆನೆಡಿಕ್ಟ್‌ಬಾಯರ್ನ್ ಎಂಬಲ್ಲಿ ಮುಚ್ಚಿಹೋಗಿದ್ದ ಹಳೆಯ ಕ್ರೈಸ್ತ ಮಠದಲ್ಲಿ ಗಾಜಿನ ಕುಲುಮೆ ಹಾಕಿಸಿದ. ಅಲ್ಲಿಗೆ ಗಿನಾನ್‌ನನ್ನು ಸ್ವಿಟ್ಜರ್ಲೆಂಡಿನಿಂದ ಕರೆಸಿಕೊಂಡ. 1806ರಲ್ಲಿ ಫ್ರೌನ್‌ಹೋಫರ್ ಕೂಡ ಅದೇ ಸಂಸ್ಥೆಗೆ ಸೇರಿದ. ಆಗ ಅವನಿಗೆ 19 ವರ್ಷ. ಹೀಗೆ ಮುದುಕ ಬಡಗಿ ಮತ್ತು ತಬ್ಬಲಿ ಹುಡುಗ ಒಂದೇ ಸೂರಿನಡಿ ಬಂದರು. 1809ರ ಹೊತ್ತಿಗೆ, ಗಾಜು ಕರಗಿಸುವ ಗುಟ್ಟನ್ನು ಹುಡುಗನಿಗೆ ಕಲಿಸಿಕೊಡಬೇಕು ಎಂದು ಗಿನಾನ್‌ಗೆ ಹೇಳಲಾಯಿತು.

ಇಪ್ಪತ್ತು ವರ್ಷ ಹೆಂಡತಿ ಮಕ್ಕಳ ಅನ್ನದಲ್ಲಿ ಕಲಿತ ಗುಟ್ಟು! ಗಿನಾನ್‌ಗೆ ಮನಸ್ಸಿರಲಿಲ್ಲ. ಆದರೂ ಕಲಿಸಬೇಕಾಯಿತು. ನಾನು ಮೊದಲು ಅವನ ಮೇಲೆ ಸಿಟ್ಟುಮಾಡಿಕೊಂಡೆ, ಅಣ್ಣನ ಯಜಮಾನರ ಹಾಗೆ ಇವನೂ ಒಬ್ಬ ಎಂದು. ಆಮೇಲೆ ಯೋಚಿಸಿದರೆ ಅವನ ಕಡೆಯೂ ನ್ಯಾಯವಿದೆ. ಗುಟ್ಟು ಕೊಟ್ಟ ಮೇಲೆ ಅವನ ಕೈಯಲ್ಲಿ ಉಳಿಯುವುದೇನು?

ಹುಡುಗ ಕಲಿತದ್ದಷ್ಟೇ ಅಲ್ಲ, ಮುಂದಕ್ಕೂ ಹೋದ. ಗಿನಾನ್ ಕಣ್ಣಿನಿಂದ, ಕೈಯಿಂದ ಹದ ನೋಡುವವನು. ನಮ್ಮ ಆಲೆಮನೆಯಲ್ಲಿ ಚಿಕ್ಕಪ್ಪ ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ಹದ ಹೇಳುವುದಿಲ್ಲವೇ, ಹಾಗೆ. ಫ್ರೌನ್‌ಹೋಫರ್ ಅಳೆಯತೊಡಗಿದ. ಮೂಸೆಯ ಮೇಲಿನಿಂದ ಒಂದು ಚೂರು, ತಳದಿಂದ ಒಂದು ಚೂರು ತೆಗೆದು ಎರಡರಲ್ಲೂ ಪಟ್ಟಕ ಮಾಡಿ, ಬೆಳಕು ಎರಡರಲ್ಲೂ ಒಂದೇ ಸಮ ಬಾಗುತ್ತದೆಯೇ ನೋಡಿದ. ಬಾಗದಿದ್ದರೆ ಮತ್ತೆ ಕರಗಿಸು, ಮತ್ತೆ ಕಲಕು. ಇಲ್ಲಿ ಒಂದು ತೊಡಕು ಬಂತು. ಬಣ್ಣದ ಪಟ್ಟಿಯಲ್ಲಿ ಹಳದಿ ಎಲ್ಲಿ ಮುಗಿದು ಹಸಿರು ಎಲ್ಲಿ ಶುರುವಾಗುತ್ತದೆ? ಗೆರೆ ಇಲ್ಲದ ಅಡಿಕೋಲಿನಲ್ಲಿ ಅಳೆಯುವುದು ಹೇಗೆ? 1814ರಲ್ಲಿ ಅವನು ಸೂರ್ಯನ ಬೆಳಕನ್ನು ತನ್ನ ಒಳ್ಳೆಯ ಪಟ್ಟಕದ ಮೂಲಕ ಹಾಯಿಸಿ ದೂರದರ್ಶಕದಲ್ಲಿ ನೋಡಿದಾಗ ಬಣ್ಣಗಳ ನಡುವೆ ಸಣ್ಣ ಸಣ್ಣ ಕಪ್ಪು ಗೆರೆಗಳು ಕಂಡವು. 574 ಗೆರೆಗಳನ್ನು ಎಣಿಸಿದ. ಅವೇ ಅವನ ಅಡಿಕೋಲಿನ ಗೆರೆಗಳಾದವು. ಇಂದಿಗೂ ಅವುಗಳಿಗೆ ಫ್ರೌನ್‌ಹೋಫರ್ ಗೆರೆಗಳೆಂದೇ ಹೆಸರು. ಸೂರ್ಯನಲ್ಲಿ ಯಾವ ಯಾವ ಧಾತುಗಳಿವೆ ಎಂದು ಮುಂದಿನವರು ತಿಳಿದದ್ದು ಅವುಗಳಿಂದಲೇ. ಒಳ್ಳೆಯ ಗಾಜು ಮಾಡಲು ಹೊರಟವನಿಗೆ ಸೂರ್ಯನ ಗುಟ್ಟು ಸಿಕ್ಕಿತು ನೋಡಿ.

ಅಷ್ಟರಲ್ಲಿ ಗಿನಾನ್ ಮುನಿಸಿಕೊಂಡು ಊರಿಗೆ ಹೊರಟುಹೋಗಿದ್ದ. ತನ್ನೂರಿನಲ್ಲೇ ಮತ್ತೆ ಗಾಜು ಮಾಡುತ್ತಾ 1824ರಲ್ಲಿ ತೀರಿಕೊಂಡ. ಅದೇ ವರ್ಷ ಫ್ರೌನ್‌ಹೋಫರ್ ಮಾಡಿದ, ಸುಮಾರು 24 ಸೆಂಟಿಮೀಟರ್ ಅಗಲದ ಮಸೂರವಿರುವ ದೂರದರ್ಶಕ ಈಗಿನ ಎಸ್ಟೋನಿಯ ದೇಶದ ಟಾರ್ಟು ಎಂಬ ಊರಿಗೆ ಹೋಯಿತು. ಅದೇ ಕಾರ್ಖಾನೆಯ ಅಷ್ಟೇ ದೊಡ್ಡ ಇನ್ನೊಂದರಲ್ಲಿ 1846ರಲ್ಲಿ ಬರ್ಲಿನ್ನಿನವರು ನೆಪ್ಚೂನ್ ಗ್ರಹವನ್ನು ಕಂಡರು. ಆದರೆ ಫ್ರೌನ್‌ಹೋಫರ್ 1826ರಲ್ಲೇ, 39ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡಿದ್ದ. ಸೂರ್ಯನ ಗೆರೆಗಳ ವಿಷಯವನ್ನು ಅವನು ಎಲ್ಲರಿಗೂ ಬರೆದು ತಿಳಿಸಿದ. ಗಾಜು ಕರಗಿಸುವ ವಿಧಾನವನ್ನು ಮಾತ್ರ ಬರೆಯಲಿಲ್ಲ, ಅದು ಕಾರ್ಖಾನೆಯ ಗುಟ್ಟು. ಬೆನ್ನು ನೋಡುತ್ತಾ ಕಲಿತವನೇ ಜಗತ್ತಿಗೆ ಬೆನ್ನು ಮಾಡಿ ನಿಂತನಲ್ಲ ಎಂದು ನನಗೆ ಬೇಸರವಾಯಿತು. ಸರ್ ಹೇಳಿದರು, "ಅವನೊಬ್ಬನದೇ ತೀರ್ಮಾನ ಅಲ್ಲಮ್ಮ, ಪಾಲುದಾರರದು" ಎಂದು. ಇರಬಹುದು.

ಗುಟ್ಟು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮಗೆಲ್ಲ ಪರಿಚಯದ ಮೈಕೆಲ್ ಫ್ಯಾರಡೆಯನ್ನೇ ನೋಡಿ. ಜರ್ಮನಿಯ ಗಾಜಿನ ಮುಂದೆ ತಮ್ಮದು ಸಪ್ಪೆಯಾಯಿತೆಂದು ಇಂಗ್ಲೆಂಡಿನ ವಿಜ್ಞಾನಿಗಳು 1825ರಲ್ಲಿ ಒಳ್ಳೆಯ ಗಾಜು ಮಾಡುವ ಕೆಲಸವನ್ನು ಫ್ಯಾರಡೆಗೆ ಒಪ್ಪಿಸಿದರು. ಪ್ಲಾಟಿನಂ ತಟ್ಟೆ, ಪ್ಲಾಟಿನಂ ಕಲಕು ಕೋಲು, ಎಲ್ಲ ಮಾಡಿದ. ಕುಲುಮೆ ನೋಡಿಕೊಳ್ಳಲು ಆಂಡರ್ಸನ್ ಎಂಬ ನಿವೃತ್ತ ಸಾರ್ಜೆಂಟನನ್ನು ಇಟ್ಟುಕೊಂಡ. ಒಂದು ಸಂಜೆ ಫ್ಯಾರಡೆ ಅವನಿಗೆ ಮನೆಗೆ ಹೋಗು ಎಂದು ಹೇಳಲು ಮರೆತನಂತೆ. ಬೆಳಿಗ್ಗೆ ಬಂದು ನೋಡಿದರೆ ಆಂಡರ್ಸನ್ ಇನ್ನೂ ಬೆಂಕಿಗೆ ಇದ್ದಿಲು ಹಾಕುತ್ತಲೇ ಇದ್ದನಂತೆ! ಇಷ್ಟೆಲ್ಲ ನಿಷ್ಠೆ ಇದ್ದರೂ ದೂರದರ್ಶಕಕ್ಕೆ ಬೇಕಾದಂಥ ಗಾಜು ಕೈಗೂಡಲಿಲ್ಲ. 1831ರಲ್ಲಿ ಫ್ಯಾರಡೆ ಆ ಕೆಲಸ ಬಿಟ್ಟ. ಅದೇ ವರ್ಷ ಅವನು ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಎಂದು ನಾವು ಓದಿದ್ದೇವೆ. ಫ್ಯಾರಡೆಗೆ ಬುದ್ಧಿ ಕಡಿಮೆ ಇತ್ತೇ? ಇಲ್ಲ. ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸುವವರು ಇರಲಿಲ್ಲ.

ಗುಟ್ಟು ಹರಡಿದ್ದು ಬೇರೆ ದಾರಿಯಲ್ಲಿ, ಕಾಗದದ ಮೇಲಲ್ಲ, ಮನುಷ್ಯರ ಜೊತೆ. ಗಿನಾನ್‌ನ ಮಗ ಅದನ್ನು ಫ್ರಾನ್ಸಿನ ಬೋಂತಾಂ ಎಂಬ ಗಾಜಿನ ಕಾರ್ಖಾನೆಯವನಿಗೆ ತಿಳಿಸಿದ. 1848ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿಯಾದಾಗ ಬೋಂತಾಂ ಇಂಗ್ಲೆಂಡಿಗೆ ಹೋಗಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಚಾನ್ಸ್ ಕಾರ್ಖಾನೆ ಸೇರಿದ. ಒಂದು ಕೋಲಿನ ಕಥೆ ಬೆಟ್ಟದ ಊರಿನಿಂದ ಅಲ್ಲಿಗೆ ತಲುಪಲು ಅರ್ಧ ಶತಮಾನವೇ ಬೇಕಾಯಿತು.

ಜರ್ಮನಿಯ ಯೇನಾ ಊರಿನಲ್ಲಿ ಮಾತ್ರ ಕೆಲಸ ಬೇರೆ ರೀತಿ ನಡೆಯಿತು. ಕಾರ್ಲ್ ಝೈಸ್ ಎಂಬಾತ 1834ರಲ್ಲಿ ಅಲ್ಲಿನ ಒಬ್ಬ ಯಂತ್ರ ಕೆಲಸದ ಗುರುವಿನ ಹತ್ತಿರ ಸೇರಿ ಕಲಿತು, 1846ರಲ್ಲಿ ತನ್ನದೇ ಅಂಗಡಿ ತೆರೆದು ಸೂಕ್ಷ್ಮದರ್ಶಕ ಮಾಡತೊಡಗಿದ. ಮಸೂರಗಳನ್ನು ಒಂದೊಂದಾಗಿ ಹಾಕಿ ತೆಗೆದು, ಯಾವುದು ಹೊಂದುತ್ತದೋ ಅದನ್ನು ಇಡುವುದು, ಹೀಗಿತ್ತು ಕೆಲಸ. ಇದು ಸಾಲದೆಂದು ಅಬ್ಬೆ ಎಂಬ ಗಣಿತದ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡ. ಅಬ್ಬೆ ಲೆಕ್ಕ ಹಾಕಿಕೊಟ್ಟ. ಆದರೆ ಲೆಕ್ಕಕ್ಕೆ ತಕ್ಕ ಗಾಜೇ ಇರಲಿಲ್ಲ. ಆಗ ಬಂದವನು ಆಟೋ ಶಾಟ್, ಕಿಟಕಿ ಗಾಜು ಮಾಡುವವನ ಮಗ, ರಸಾಯನ ಶಾಸ್ತ್ರ ಓದಿದವನು. 1884ರಲ್ಲಿ ಈ ಮೂವರು, ಝೈಸ್‌ನ ಮಗನೂ ಸೇರಿ, ಯೇನಾದಲ್ಲಿ ಗಾಜಿನ ಪ್ರಯೋಗಾಲಯ ತೆರೆದರು. 1886ರ ಅವರ ಪಟ್ಟಿಯಲ್ಲಿ 44 ಬಗೆಯ ಗಾಜುಗಳಿದ್ದವು. ಒಬ್ಬ ಕೈಕೆಲಸದವನು, ಒಬ್ಬ ಲೆಕ್ಕದವನು, ಒಬ್ಬ ರಸಾಯನದವನು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟನ್ನಿನವರಿಗೆ ಬೈನಾಕ್ಯುಲರ್‌ಗೆ ಬೇಕಾದ ಗಾಜಿನ ಹೆಚ್ಚಿನ ಪಾಲು ಶತ್ರು ದೇಶದಿಂದಲೇ ಬರುತ್ತಿದ್ದದ್ದು ನೆನಪಾಗಿ ಕೈಕೈ ಹಿಸುಕಿಕೊಳ್ಳಬೇಕಾಯಿತು.

ಈಗ ಈ ಕೆಲಸವನ್ನು ಹೇಗೆ ಕಲಿಸುತ್ತಾರೆ? ನಮ್ಮಣ್ಣನಿಗೆ ತೋರಿಸಬೇಕೆಂದು ಇದನ್ನು ನಾನು ಎರಡು ಸಲ ಓದಿದೆ. ಜರ್ಮನಿಯಲ್ಲಿ ಗಾಜು ಕರಗಿಸುವ ಕಾರ್ಖಾನೆಯ ಕೆಲಸ ಕಲಿಯಲು ಮೂರು ವರ್ಷ, ಗಾಜನ್ನು ಮಸೂರ ಮಾಡುವ ಕೆಲಸ ಕಲಿಯಲು ಮೂರೂವರೆ ವರ್ಷ. ಕಾರ್ಖಾನೆಯಲ್ಲೂ ಕಲಿಯಬೇಕು, ಜೊತೆಗೆ ವೃತ್ತಿ ಶಾಲೆಗೂ ಹೋಗಬೇಕು. ಶಾಲೆಗೆ ಕಳಿಸದೆ ಇರುವ ಹಾಗಿಲ್ಲ, ಅದು ಕಾನೂನು. ಕಲಿಯುವವರಿಗೆ ತಿಂಗಳು ತಿಂಗಳು ಭತ್ಯೆ ಕೊಡುತ್ತಾರೆ. ಕೊನೆಗೆ ಪರೀಕ್ಷೆ. ಆ ಪರೀಕ್ಷೆ ಮಾಡುವವರು ಯಜಮಾನರಲ್ಲ, ಹೊರಗಿನ ವಾಣಿಜ್ಯ ಮಂಡಳಿಯವರು. ಹೆಣ್ಣುಮಕ್ಕಳೂ ಸೇರುತ್ತಾರೆ. ಇದನ್ನು ನಮ್ಮ ತರಗತಿಯ ಕೆಲವರು ಗಮನಿಸಬೇಕಾಗಿ ವಿನಂತಿ!

ಕರಗಿಸುವ ಕಡೆ ಸೇರಿದವರು ಮೊದಲು ಕಲಿಯುವುದು ತೂಕ ಮತ್ತು ಶುದ್ಧಿ. ಮರಳಿನಲ್ಲಿ ಚೂರೇ ಚೂರು ಕಬ್ಬಿಣದ ಅಂಶವಿದ್ದರೂ ಗಾಜು ಹಸಿರಾಗುತ್ತದೆ. ನಂಬಿಕೆ ಇಲ್ಲದಿದ್ದರೆ ಕಿಟಕಿ ಗಾಜಿನ ತುಂಡನ್ನು ಅಡ್ಡಲಾಗಿ, ಅಂಚಿನ ಕಡೆಯಿಂದ ನೋಡಿ, ಹಸಿರು ಕಾಣುತ್ತದೆ. ಕೈ ಜೋಪಾನ. ಕುಲುಮೆಯ ಕಾವು ಸಾಮಾನ್ಯವಾಗಿ 1200ರಿಂದ 1500 ಡಿಗ್ರಿ ಸೆಲ್ಸಿಯಸ್. ಮಣ್ಣಿನ ಕೋಲಿನ ಜಾಗಕ್ಕೆ ಈಗ ಪ್ಲಾಟಿನಂ ಬಂದಿದೆ, ಸೀಸದ ಜಾಗಕ್ಕೆ ಬಹುಮಟ್ಟಿಗೆ ಟೈಟಾನಿಯಂ, ನಿಯೋಬಿಯಂ ಮುಂತಾದವು ಬಂದಿವೆ, ಏಕೆಂದರೆ ಸೀಸ ವಿಷ. ತಿರುಗಿಸುವುದು ಯಂತ್ರವೇ. ಆದರೂ ಗಾಜಿನ ತುಂಡನ್ನು ಬೆಳಕಿಗೆ ಹಿಡಿದು ಎಳೆ ಇದೆಯೇ, ಗುಳ್ಳೆ ಇದೆಯೇ ಎಂದು ನೋಡಲು ಕಲಿಯಲೇಬೇಕು.

ಮಸೂರದ ಕಡೆ ಸೇರಿದವರ ಕೆಲಸ ಇನ್ನೂ ನಾಜೂಕು. ಗಾಜಿನ ಬಿಲ್ಲೆಯನ್ನು ಮೊದಲು ಒರಟು ಪುಡಿಯಲ್ಲಿ, ಆಮೇಲೆ ನಯ ಪುಡಿಯಲ್ಲಿ ಉಜ್ಜುತ್ತಾರೆ. ಒಂದು ಪುಡಿಯಿಂದ ಇನ್ನೊಂದಕ್ಕೆ ಹೋಗುವಾಗ ಕೈ, ಬಟ್ಟೆ, ಮೇಜು ಎಲ್ಲ ತೊಳೆಯಬೇಕು. ಒರಟು ಪುಡಿಯ ಒಂದೇ ಒಂದು ಕಣ ಉಳಿದರೂ ದಿನದ ಕೆಲಸಕ್ಕೆ ಗೀರು ಬೀಳುತ್ತದೆ. ಕೊನೆಗೆ ರಾಳದಂಥ ಮೆತ್ತನೆ ಅಂಟಿನ ಅಚ್ಚಿನ ಮೇಲೆ ಸೀರಿಯಂ ಆಕ್ಸೈಡ್ ಎಂಬ ಪುಡಿ, ನೀರು ಹಾಕಿ ಹೊಳಪು ಬರಿಸುತ್ತಾರೆ. ಸರಿಯಾಯಿತೇ ಎಂದು ನೋಡುವುದು ಹೇಗೆ? ಅಳತೆ ತಪ್ಪದ ಒಂದು ಮಾದರಿ ಗಾಜನ್ನು ಮಸೂರದ ಮೇಲೆ ಇಟ್ಟರೆ, ನಡುವಿನ ಗಾಳಿಯಿಂದಾಗಿ ಬಣ್ಣದ ಬಳೆಗಳು ಕಾಣುತ್ತವೆ. ನೀರಿನ ಮೇಲೆ ಸೀಮೆಎಣ್ಣೆ ಬಿದ್ದಾಗ ಕಾಣುವಂಥ ಬಣ್ಣಗಳೇ ಇವು. ಒಂದು ಬಳೆಯಿಂದ ಪಕ್ಕದ ಬಳೆಗೆ ಇರುವ ವ್ಯತ್ಯಾಸ ಸುಮಾರು ಮಿಲಿಮೀಟರಿನ ಮೂರೂವರೆ ಸಾವಿರದಲ್ಲಿ ಒಂದು ಭಾಗ ಮಾತ್ರ! ಹೀಗೆ ಬಳೆ ನೋಡಿ ಮಸೂರ ಪರೀಕ್ಷಿಸುವುದನ್ನು ಕಾರ್ಖಾನೆಯ ಕೆಲಸಕ್ಕೆ ತಂದವನೂ ಫ್ರೌನ್‌ಹೋಫರನೇ. ನನಗೆ ಬಹಳ ಹಿಡಿಸಿದ ಇನ್ನೊಂದು ಮಾತು ಇದೆ. ಕೈಯಲ್ಲಿ ಹಿಡಿದ ಮಸೂರವನ್ನು ಕೂಡಲೇ ಅಳೆಯಬಾರದಂತೆ. ಬೆರಳಿನ ಬಿಸಿಗೇ ಗಾಜು ಉಬ್ಬಿ ಸುಳ್ಳು ಹೇಳುತ್ತದೆ. ಕೆಳಗಿಟ್ಟು, ಆರುವವರೆಗೆ ಕಾಯಬೇಕು. ಈ ಕಾಯುವುದನ್ನೂ ಒಂದು ಪಾಠವಾಗಿ ಕಲಿಸುತ್ತಾರೆ.

ನಮ್ಮ ದೇಶದಲ್ಲೂ ಈ ಕೆಲಸ ನಡೆದಿದೆ. ಕಲ್ಕತ್ತೆಯಲ್ಲಿ 1950ರಲ್ಲಿ ಶುರುವಾದ ಕೇಂದ್ರ ಗಾಜು ಮತ್ತು ಪಿಂಗಾಣಿ ಸಂಶೋಧನಾ ಸಂಸ್ಥೆಯಲ್ಲಿ ಆತ್ಮಾರಾಮ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಮಸೂರದ ಗಾಜನ್ನು ತಾವೇ ಮಾಡಲು ಕಲಿತರು. ತಮಿಳುನಾಡಿನ ಕಾವಲೂರಿನಲ್ಲಿ 1986ರಿಂದ ಇರುವ ವೇಣು ಬಾಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ. ಅದನ್ನು ಉಜ್ಜಿ ಹೊಳಪು ಮಾಡಿದ್ದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಬೆಂಗಳೂರಿಗೆ ಹೋದವರು ಮಾಲು, ಮೆಟ್ರೋ ನೋಡಿ ಬರುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಕಲಿಯುವ ಹುಡುಗರ ವಿಷಯಕ್ಕೆ ಬಂದರೆ ನಮ್ಮಲ್ಲೂ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ಕೆಳಗೆ ಕಾರ್ಖಾನೆಗೆ ಸೇರಿದವರಿಗೆ ಲಿಖಿತ ಕರಾರು, ತಿಂಗಳ ಭತ್ಯೆ, ಪಾಠ ಎಲ್ಲ ಉಂಟು ಎಂದು ಸರ್ ಹೇಳಿದರು. ನಮ್ಮಣ್ಣನದು ಬಾಯಿಮಾತಿನ ಕೆಲಸ.

ಈ ಲೇಖನದ ಕರಡನ್ನು ಅಣ್ಣ ಪೇಟೆಗೆ ಹೊರಡುವ ಹಿಂದಿನ ರಾತ್ರಿ ಓದಿ ಹೇಳಿದೆ. ಅಪ್ಪನೂ ಜಗಲಿಯಲ್ಲೇ ಇದ್ದರು. ಮನೆ ಕುಸಿದ ಭಾಗಕ್ಕೆ ಅವ್ವ "ಅಯ್ಯೋ" ಅಂದಳು. ಕೊನೆಯ ಆರು ತಿಂಗಳು ದುಡ್ಡು ಕೊಟ್ಟು ಬಿಡಿಸಿಕೊಂಡ ಜಾಗಕ್ಕೆ ಬಂದಾಗ ಅಣ್ಣ, "ಇನ್ನೊಂದ್ಸಲ ಓದು" ಅಂದ. ಓದಿದೆ. ಅವನು ಏನೂ ಹೇಳಲಿಲ್ಲ. ಮರುದಿನ ಬಸ್ಸಿಗೆ ಹೋಗುವ ಮುಂಚೆ ನನ್ನ ಜೊತೆ ಶಾಲೆಯ ತನಕ ಬಂದು, ಸರ್ ಹತ್ತಿರ ಐಟಿಐ ಅರ್ಜಿಯ ವಿಷಯ ಕೇಳಿದ. ಅರ್ಜಿ ತುಂಬಿ ಆಗಿದೆ. ಅದು ಈಗ ನಮ್ಮ ಮನೆಯ ಗೋಡೆಯ ಮೊಳೆಗೆ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಅಪ್ಪ ಇನ್ನೂ ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಹೇಳಿಲ್ಲ.

ಗುಳ್ಳೆ ಇರುವ ಪಟ್ಟಕವನ್ನು ನೋಡಬೇಕೆನ್ನುವವರು ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಪ್ರಯೋಗಶಾಲೆಗೆ ಬನ್ನಿ, ಸರ್ ಒಪ್ಪಿದ್ದಾರೆ. ಆ ಹೊತ್ತಿಗೆ ಪಶ್ಚಿಮದ ಕಿಟಕಿಗೆ ಬಿಸಿಲು ಬಂದಿರುವುದಿಲ್ಲ, ಆದ್ದರಿಂದ ಪೂರ್ವದ ಬಾಗಿಲ ಹತ್ತಿರ ಬನ್ನಿ. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಿರಿ, ಮುಖಕ್ಕೆ ಬೆರಳು ಇಡಬೇಡಿ.